ಕೆಲಸದ ನಡುವೆ ಮೂರು ಗಂಟೆ ಸಿಕ್ಕರೆ: ಕೆನಡಾದ ಪೂರ್ವ ಕರಾವಳಿಯಲ್ಲಿ ಏನು ನೋಡಬೇಕು, ಏನು ಬಿಡಬೇಕು

ನಾನು ಕುಮಟಾ ಕಡೆಯವನು. ತದಡಿಯ ಐಸ್ ಪ್ಲಾಂಟಿನಲ್ಲಿ ಕೆಲಸ ಕಲಿತೆ. ಈಗ ಟೊರಾಂಟೊ ಹತ್ತಿರ ಮನೆ. ಮೀನು ಕಾರ್ಖಾನೆಗಳ ಕೋಲ್ಡ್ ಸ್ಟೋರೇಜ್ ಯಂತ್ರಗಳನ್ನು ಜೋಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ವರ್ಷಕ್ಕೆ ನಾಲ್ಕೈದು ಸಲ ಪೂರ್ವ ಕರಾವಳಿಗೆ ಹೋಗಲೇಬೇಕು. ಹ್ಯಾಲಿಫ್ಯಾಕ್ಸ್, ಮಾಂಕ್ಟನ್, ಸೇಂಟ್ ಜಾನ್ಸ್, ಒಮ್ಮೊಮ್ಮೆ ಕೇಪ್ ಬ್ರೆಟನ್.

ಈಚೆಗೆ ನಮ್ಮ ಕಡೆಯ ಹುಡುಗರು, ಹುಡುಗಿಯರು ಸಾಫ್ಟ್‌ವೇರ್, ಆಸ್ಪತ್ರೆ, ಬಂದರು ಅಂತ ಬೇರೆ ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗುವುದು ಜಾಸ್ತಿಯಾಗಿದೆ. ಹೊರಡುವ ಮುಂಚೆ ಫೋನ್ ಮಾಡಿ ಎಲ್ಲರೂ ಕೇಳುವುದು ಒಂದೇ. "ಅಣ್ಣ, ಒಂದು ಸಂಜೆ ಬಿಡುವಿದೆ, ಎಲ್ಲಿಗೆ ಹೋಗಲಿ?" ಅವರಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಜೆ ಹಾಕಿ ಹೋದವರಿಗೂ ಕೆಲಸಕ್ಕೆ ಹೋದವರಿಗೂ ದೊಡ್ಡ ವ್ಯತ್ಯಾಸವಿದೆ. ರಜೆಯವರು ಕಾಯಬಹುದು. ಇವತ್ತು ಮಂಜು ಮುಸುಕಿದರೆ ನಾಳೆ ಹೋದರಾಯಿತು. ನಮಗೆ ಹಾಗಲ್ಲ. ಮಂಗಳವಾರ ಸಂಜೆ ಐದರಿಂದ ಒಂಬತ್ತು, ಅಷ್ಟೇ. ಅದಕ್ಕೇ ಯಾವ ಜಾಗ ಚೆಂದ ಅನ್ನುವುದನ್ನು ನಾನು ಮೊದಲು ನೋಡುವುದಿಲ್ಲ. ಎಲ್ಲವೂ ಚೆಂದವೇ. ನಾನು ನೋಡುವುದು ಇಷ್ಟು: ನನಗೆ ಬಿಡುವಾದ ಹೊತ್ತಿಗೆ ಅದು ಅಲ್ಲಿರುತ್ತದಾ? ಕೆಲವು ಗಡಿಯಾರ ನೋಡಿಕೊಂಡು ಬರುತ್ತವೆ, ಕೆಲವು ತಿಂಗಳು ನೋಡಿಕೊಂಡು. ಕೆಲವಕ್ಕೆ ಅದೃಷ್ಟವೇ ಬೇಕು.

ಮಾಂಕ್ಟನ್‌ಗೆ ಹೋದರೆ: ಫಂಡಿ ಕೊಲ್ಲಿಯ ಉಬ್ಬರ

ಗಡಿಯಾರ ನೋಡಿಕೊಂಡು ಬರುವುದು ಇದು. ಕೆಲಸಕ್ಕೆ ಹೋದವರಿಗೆ ಇದಕ್ಕಿಂತ ಒಳ್ಳೆಯದು ಇಡೀ ಕರಾವಳಿಯಲ್ಲಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಕಾರವಾರ, ಕುಮಟಾ ಕಡೆ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರ್ ಆಸುಪಾಸು ವ್ಯತ್ಯಾಸ. ಅಷ್ಟಕ್ಕೇ ಅಘನಾಶಿನಿಯ ನೀರು ಎಷ್ಟೋ ಮೈಲಿ ಒಳಗೆ ಹೋಗುತ್ತದೆ. ಫಂಡಿ ಕೊಲ್ಲಿಯ ತುದಿಯಲ್ಲಿ, ನೋವಾ ಸ್ಕೋಶಿಯಾ ಪ್ರಾಂತ್ಯದ ಬರ್ನ್‌ಟ್‌ಕೋಟ್ ಹೆಡ್ ಅನ್ನುವಲ್ಲಿ, ಇದೇ ವ್ಯತ್ಯಾಸ 16 ಮೀಟರ್‌ವರೆಗೆ ಹೋಗುತ್ತದೆ. ಹತ್ತಿರಹತ್ತಿರ ಐದು ಮಹಡಿ ಕಟ್ಟಡ. ಜಗತ್ತಿನಲ್ಲೇ ಅತಿ ದೊಡ್ಡ ಉಬ್ಬರ.

ಯಾಕೆ ಹೀಗೆ? ಬಕೆಟ್‌ನಲ್ಲಿ ನೀರು ಹಿಡಿದು ನಡೆದು ನೋಡಿ. ನಿಮ್ಮ ಹೆಜ್ಜೆಯ ಲಯಕ್ಕೂ ನೀರು ತುಳುಕುವ ಲಯಕ್ಕೂ ತಾಳ ಕೂಡಿದರೆ ನೀರು ಅಂಚು ದಾಟಿ ಚೆಲ್ಲುತ್ತದೆ. ಫಂಡಿ ಕೊಲ್ಲಿಯ ಉದ್ದ, ಆಳ ಎಂಥದ್ದು ಅಂದರೆ ಅದರ ನೀರು ಒಮ್ಮೆ ಒಳಗೆ ಹೋಗಿ ಹೊರಗೆ ಬರಲು ಬೇಕಾದ ಹೊತ್ತು, ಸಮುದ್ರದ ಉಬ್ಬರ ಮರಳಿ ಬರುವ ಹೊತ್ತಿಗೆ, ಅಂದರೆ ಸುಮಾರು 12 ಗಂಟೆ 25 ನಿಮಿಷಕ್ಕೆ, ತೀರಾ ಹತ್ತಿರ. ಪ್ರತಿ ಸಲವೂ ತಾಳ ಕೂಡುತ್ತದೆ. ಜೊತೆಗೆ ಕೊಲ್ಲಿ ಒಳಗೆ ಹೋದಂತೆ ಕಿರಿದಾಗುತ್ತದೆ, ಆಳ ಕಡಿಮೆಯಾಗುತ್ತದೆ. ನೀರಿಗೆ ಮೇಲೇರದೆ ಬೇರೆ ದಾರಿಯಿಲ್ಲ.

ಇದನ್ನು ನೋಡಲು ಮಾಂಕ್ಟನ್‌ನಿಂದ ಸುಮಾರು 40 ಕಿ.ಮೀ. ದೂರದ ಹೋಪ್‌ವೆಲ್ ರಾಕ್ಸ್‌ಗೆ ಹೋಗಿ. ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ದಡದಲ್ಲಿ ಬಂಡೆಯ ಕಂಬಗಳು ನಿಂತಿವೆ. ಬುಡ ಸವೆದು ಸಣ್ಣಗಾಗಿದೆ, ತಲೆಯ ಮೇಲೆ ಮರಗಳಿವೆ. ಇಳಿತ ಮುಟ್ಟುವ ಮುಂಚಿನ ಮೂರು ಗಂಟೆ, ನಂತರದ ಮೂರು ಗಂಟೆ, ಈ ಅವಧಿಯಲ್ಲಿ ಮೆಟ್ಟಿಲಿಳಿದು ಸಮುದ್ರದ ತಳದಲ್ಲಿ ನಡೆಯಬಹುದು.

ನಾನು ಮೊದಲ ಸಲ ಹೋದಾಗ ಒಂದು ಕಂಬದ ಬುಡದಲ್ಲಿ ನಿಂತು ಮೇಲೆ ನೋಡಿದೆ. ಕಂದು ಬಣ್ಣದ ಕಡಲಕಳೆ ಒದ್ದೆ ಕೂದಲಿನ ಹಾಗೆ ಜೋತುಬಿದ್ದಿತ್ತು. ತುದಿಯಿಂದ ನೀರು ತೊಟ್ಟಿಕ್ಕಿ ನನ್ನ ಭುಜದ ಮೇಲೆ ಬೀಳುತ್ತಿತ್ತು. ಆ ಕಳೆ ನನ್ನ ತಲೆಗಿಂತ ಎಷ್ಟೋ ಮೇಲಿನವರೆಗೂ ಹಬ್ಬಿತ್ತು. ಅಲ್ಲಿಯವರೆಗೂ ನೀರು ಬರುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಾಲ್ಕೈದು ಗಂಟೆ ಬಿಟ್ಟು ಮೇಲಿನ ಕಟ್ಟೆಯಿಂದ ನೋಡಿದರೆ ನಾನು ನಿಂತಿದ್ದ ಜಾಗದ ಮೇಲೆ ಕಯಾಕ್ ದೋಣಿಗಳು ಸಾಗುತ್ತಿದ್ದವು.

ಈಗ ಲೆಕ್ಕ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಸೋಮವಾರ ಮಧ್ಯಾಹ್ನ ಎರಡಕ್ಕೆ ಇಳಿತ ಇದ್ದರೆ ಗುರುವಾರ ಸಂಜೆ ನಾಲ್ಕೂವರೆ ಹತ್ತಿರ ಇರುತ್ತದೆ. ಕೆನಡಾ ಸರ್ಕಾರ ಉಬ್ಬರ-ಇಳಿತದ ವೇಳಾಪಟ್ಟಿಯನ್ನು ತುಂಬ ಮೊದಲೇ ಪ್ರಕಟಿಸುತ್ತದೆ. ನಾನು ವಿಮಾನದ ಟಿಕೆಟ್‌ಗಿಂತ ಮುಂಚೆ ಅದನ್ನು ನೋಡುತ್ತೇನೆ. ಮೀಟಿಂಗ್ ಯಾವ ದಿನ ಇಟ್ಟರೂ ನಡೆಯುತ್ತದೆ ಅಂತಿದ್ದರೆ, ಇಳಿತ ಸಂಜೆಗೆ ಬೀಳುವ ದಿನವನ್ನೇ ಕೇಳಿ. ಅಲ್ಲಿನವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಅವರೂ ಅದೇ ಪಟ್ಟಿ ನೋಡಿಯೇ ದೋಣಿ ಬಿಡುವವರು.

ಹೋಪ್‌ವೆಲ್‌ನಲ್ಲಿ ಸಿಬ್ಬಂದಿ ಇರುವುದು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ಆಫೀಸಿನ ಶೂ ಹಾಕಿಕೊಂಡು ಇಳಿಯಬೇಡಿ, ಕೆಂಪು ಕೆಸರು ಬಿಡುವುದಿಲ್ಲ. ಬಂಡೆಯ ಬುಡಕ್ಕೆ ಒರಗಿ ನಿಲ್ಲಬೇಡಿ. ಇವು ಒಂದೇ ಗಟ್ಟಿ ಕಲ್ಲಲ್ಲ, ಕಲ್ಲು-ಮರಳು ಸೇರಿ ಅಂಟಿಕೊಂಡವು. ಆನೆ ಬಂಡೆ ಅಂತ ಹೆಸರಾಗಿದ್ದ ಕಂಬದ ಒಂದು ಭಾಗ 2016ರ ಮಾರ್ಚ್‌ನಲ್ಲಿ ಕುಸಿದು ಬಿತ್ತು.

ಅಷ್ಟೂ ಸಮಯವಿಲ್ಲವಾ? ಮಾಂಕ್ಟನ್ ಪೇಟೆಯಲ್ಲೇ ಪೆಟಿಕೋಡಿಯಾಕ್ ನದಿಯ ದಡಕ್ಕೆ ಹೋಗಿ. ಉಬ್ಬರದ ಮೊದಲ ಅಲೆ ನದಿಯಲ್ಲಿ ಹಿಮ್ಮುಖವಾಗಿ ಏರಿ ಬರುತ್ತದೆ. 1968ರಲ್ಲಿ ನದಿಗೆ ಅಡ್ಡ ಕಟ್ಟಿದ ರಸ್ತೆಯಿಂದ ಆ ಅಲೆ ಬಡಕಲಾಗಿತ್ತು. 2010ರಲ್ಲಿ ಅದರಲ್ಲಿದ್ದ ನೀರಿನ ಗೇಟುಗಳನ್ನು ತೆರೆದ ಮೇಲೆ ಮತ್ತೆ ಚೇತರಿಸಿಕೊಂಡಿದೆ. ಹತ್ತು ನಿಮಿಷದ ನೋಟ, ಅಲೆ ಬರುವ ಹೊತ್ತನ್ನು ದಡದಲ್ಲೇ ಬರೆದಿಟ್ಟಿರುತ್ತಾರೆ.

ಜುಲೈ ಕೊನೆ, ಆಗಸ್ಟ್‌ನಲ್ಲಿ ಹೋಗುವವರಿಗೆ ಇನ್ನೊಂದು ಆಯ್ಕೆ ಇದೆ. ಮಾಂಕ್ಟನ್‌ನಿಂದ ಮುಕ್ಕಾಲು ಗಂಟೆ ದೂರದ ಜಾನ್ಸನ್ಸ್ ಮಿಲ್ಸ್ ದಡಕ್ಕೆ ಸ್ಯಾಂಡ್‌ಪೈಪರ್ ಅನ್ನುವ ಪುಟ್ಟ ಹಕ್ಕಿಗಳು ಸಾವಿರಗಟ್ಟಲೆ ಬರುತ್ತವೆ. ಕೆಸರಿನಲ್ಲಿರುವ ಸಣ್ಣ ಸೀಗಡಿಯಂಥ ಹುಳ ತಿಂದು ಎರಡು ಮೂರು ವಾರದಲ್ಲಿ ತೂಕ ಎರಡು ಪಟ್ಟು ಮಾಡಿಕೊಳ್ಳುತ್ತವೆ. ಆಮೇಲೆ ದಕ್ಷಿಣ ಅಮೆರಿಕಕ್ಕೆ 4,000 ಕಿ.ಮೀ.ಗೂ ಜಾಸ್ತಿ, ನಡುವೆ ಎಲ್ಲೂ ಇಳಿಯದೆ ಹಾರುತ್ತವೆ. ಬಂಡೆ ನೋಡಲು ಇಳಿತ ಬೇಕು. ಹಕ್ಕಿ ನೋಡಲು ಉಬ್ಬರ ಬೇಕು, ಯಾಕೆಂದರೆ ಆಗ ಕೆಸರು ಮುಳುಗಿ ಅವೆಲ್ಲ ದಡದ ಕಿರಿದಾದ ಪಟ್ಟಿಯಲ್ಲಿ ಒತ್ತಾಗಿ ಕೂರುತ್ತವೆ. ಒಂದು ಹಾರಿದರೆ ಇಡೀ ದಡವೇ ಎದ್ದಂತೆ ಕಾಣುತ್ತದೆ. ನಿಮ್ಮ ಬಿಡುವಿನ ಹೊತ್ತಿಗೆ ಉಬ್ಬರ ಬಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಬಂಡೆ ಬಿಟ್ಟು ಹಕ್ಕಿ ನೋಡಿ.

ಹ್ಯಾಲಿಫ್ಯಾಕ್ಸ್‌ಗೆ ಹೋದರೆ

ಎಲ್ಲರೂ ಪೆಗ್ಗೀಸ್ ಕೋವ್ ಅನ್ನುತ್ತಾರೆ. ಪೇಟೆಯಿಂದ ಮುಕ್ಕಾಲು ಗಂಟೆ. 1915ರ ಬಿಳಿ ದೀಪಸ್ತಂಭ, ಮೇಲೆ ಕೆಂಪು ಟೊಪ್ಪಿ. ಕೆಳಗೆ ಹಿಮನದಿಗಳು ಉಜ್ಜಿ ನುಣುಪು ಮಾಡಿದ ಗ್ರಾನೈಟ್. ಕಲ್ಲು ಎಲ್ಲೂ ಹೋಗುವುದಿಲ್ಲ, ಅದೇ ಇದರ ಅನುಕೂಲ. ಆದರೆ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಬಸ್ಸುಗಳ ಜನ ತುಂಬಿರುತ್ತಾರೆ. ಕೆಲಸದವರಿಗೆ ಸಿಗುವ ಸಂಜೆಯೇ ಇಲ್ಲಿ ಒಳ್ಳೆಯ ಹೊತ್ತು. ಜೂನ್‌ನಲ್ಲಿ ಸೂರ್ಯ ಮುಳುಗುವುದು ಒಂಬತ್ತರ ಹತ್ತಿರ, ಐದಕ್ಕೆ ಕೆಲಸ ಮುಗಿಸಿ ಹೊರಟರೂ ಬೇಕಾದಷ್ಟು ಬೆಳಕಿರುತ್ತದೆ.

ಒಂದೇ ಒಂದು ಮಾತು, ದಯವಿಟ್ಟು ಕೇಳಿ. ಕಪ್ಪಗೆ ಕಾಣುವ ಬಂಡೆಯ ಮೇಲೆ ಕಾಲಿಡಬೇಡಿ. ಕಪ್ಪಾಗಿದೆ ಅಂದರೆ ಅಲ್ಲಿಗೆ ಅಲೆ ಬರುತ್ತದೆ ಅಂತ. ಸಮುದ್ರ ಶಾಂತವಾಗಿ ಕಂಡರೂ ಒಮ್ಮೊಮ್ಮೆ ಒಂದು ದೊಡ್ಡ ಅಲೆ ಎಲ್ಲಿಂದಲೋ ಎದ್ದು ಬರುತ್ತದೆ. ಅಲ್ಲಿ ಜನ ಜೀವ ಕಳೆದುಕೊಂಡಿದ್ದಾರೆ. ನಾನು ಕಡಲ ದಡದಲ್ಲೇ ಹುಟ್ಟಿದವನು, ನನಗೂ ಆ ಬಂಡೆಯ ಹತ್ತಿರ ಧೈರ್ಯವಿಲ್ಲ. 2021ರಲ್ಲಿ ಎತ್ತರದ ಕಟ್ಟೆಯೊಂದನ್ನು ಕಟ್ಟಿದ್ದಾರೆ, ಗಾಲಿಕುರ್ಚಿಯಲ್ಲಿ ಬರುವವರೂ ಅಲ್ಲಿ ನಿಂತು ನೋಡಬಹುದು.

ಮಂಜು ಕವಿದರೆ ಪೆಗ್ಗೀಸ್ ಕೋವ್‌ನಲ್ಲಿ ದೀಪಸ್ತಂಭವೇ ಕಾಣದ ದಿನಗಳೂ ಇರುತ್ತವೆ. ಆಗ ಈ ಕಡೆಯ ಕರಾವಳಿ ಬಿಟ್ಟು ಆಚೆ ಬದಿಗೆ, ಫಂಡಿ ಕೊಲ್ಲಿಯ ಕಡೆಗೆ, ಸುಮಾರು ಒಂದು ಗಂಟೆ ದೂರದ ಗ್ರಾನ್ ಪ್ರೇಗೆ ಹೋಗಿ. ಪ್ರವಾಸಿ ಪಟ್ಟಿಗಳಲ್ಲಿ ಇದು ಕೆಳಗಿರುತ್ತದೆ. ಗಜನಿ ಭೂಮಿ ಗೊತ್ತಿರುವ ನಮ್ಮ ಕಡೆಯವರು ಮಾತ್ರ ಇದನ್ನು ನೋಡಲೇಬೇಕು.

ಅಘನಾಶಿನಿ ಕಡೆ ಗಜನಿಯಲ್ಲಿ ಉಪ್ಪುನೀರು ಬರದಂತೆ ಒಡ್ಡು ಹಾಕಿ, ತೂಬಿಗೆ ಹಲಗೆ ಇಟ್ಟು ಕಗ್ಗ ಭತ್ತ ಬೆಳೆಯುತ್ತಾರಲ್ಲ, ಅದೇ ಕೆಲಸವನ್ನು ಅಕೇಡಿಯನ್ ಅನ್ನುವ ಫ್ರೆಂಚ್ ಮಾತಿನ ರೈತರು 1680ರ ದಶಕದಿಂದ ಇಲ್ಲಿ ಮಾಡಿದರು. ಮಣ್ಣಿನ ಒಡ್ಡು, ಅದರೊಳಗೆ ಮರದ ತೂಬು, ತೂಬಿನಲ್ಲಿ ಜೋತಾಡುವ ಒಂದು ಕದ. ಉಬ್ಬರ ಬಂದರೆ ನೀರಿನ ಒತ್ತಡಕ್ಕೆ ಕದ ತಾನೇ ಮುಚ್ಚುತ್ತದೆ. ಇಳಿತಕ್ಕೆ ಒಳಗಿನ ಮಳೆನೀರು ಅದನ್ನು ತಳ್ಳಿ ಹೊರಗೆ ಹರಿಯುತ್ತದೆ. ಫಂಡಿಯಂಥ ಉಬ್ಬರದ ಎದುರು ಇದನ್ನು ನಿಲ್ಲಿಸಿದ್ದಾರೆ ಅಂದರೆ ಸಣ್ಣ ಮಾತಲ್ಲ. 1755ರಲ್ಲಿ ಬ್ರಿಟಿಷರು ಆ ಜನರನ್ನು ಒಕ್ಕಲೆಬ್ಬಿಸಿ ಹಡಗು ಹತ್ತಿಸಿದರು. ಆ ಹೊಲಗಳಲ್ಲಿ ಈಗಲೂ ಬೇಸಾಯ ನಡೆಯುತ್ತಿದೆ. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಆ ಒಡ್ಡಿನ ಮೇಲೆ ನಡೆಯುವಾಗ ಒಂದು ಕಡೆ ಹುಲ್ಲು, ಇನ್ನೊಂದು ಕಡೆ ಕೆಂಪು ಕೆಸರು. ಹವೆ ಒಂದು ಬಿಟ್ಟರೆ ಎಲ್ಲ ನಮ್ಮೂರೇ ಅನ್ನಿಸಿತು.

ಸೇಂಟ್ ಜಾನ್ಸ್‌ಗೆ ಹೋದರೆ

ಮೊದಲು ಟಿಕೆಟ್ ಸರಿಯಾಗಿ ನೋಡಿ. ಸೇಂಟ್ ಜಾನ್ ಅಂದರೆ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಊರು, ಸೇಂಟ್ ಜಾನ್ಸ್ ಅಂದರೆ ನ್ಯೂಫೌಂಡ್‌ಲ್ಯಾಂಡ್ ದ್ವೀಪದ್ದು. ನಡುವೆ ಸಮುದ್ರವಿದೆ.

ಇಲ್ಲಿನ ಗಡಿಯಾರ ಅರ್ಧ ಗಂಟೆಯ ಲೆಕ್ಕದ್ದು, ನಮ್ಮ ಭಾರತದ ಹಾಗೆಯೇ. ಬೇಸಿಗೆಯಲ್ಲಿ ಎರಡಕ್ಕೂ ಸರಿಯಾಗಿ ಎಂಟು ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಒಂಬತ್ತು. ನಿಮಿಷದ ಮುಳ್ಳು ಊರಿನದ್ದೇ. ಬೆಂಗಳೂರಿನಿಂದ ನೇರ ಬಂದವರಿಗೆ ಮೊದಲೆರಡು ದಿನ ನಸುಕಿನಲ್ಲೇ ಎಚ್ಚರವಾಗಿಬಿಡುತ್ತದೆ. ಹಾಸಿಗೆಯಲ್ಲಿ ಹೊರಳಾಡುವ ಬದಲು ಕೇಪ್ ಸ್ಪಿಯರ್‌ಗೆ ಹೊರಡಿ. ಪೇಟೆಯಿಂದ ಇಪ್ಪತ್ತು ಇಪ್ಪತ್ತೈದು ನಿಮಿಷ. ಗ್ರೀನ್‌ಲ್ಯಾಂಡ್ ಬಿಟ್ಟರೆ ಉತ್ತರ ಅಮೆರಿಕದ ಪೂರ್ವದ ತುದಿ ಇದು. ಜೂನ್‌ನಲ್ಲಿ ಬೆಳಿಗ್ಗೆ ಐದಕ್ಕೇ ಸೂರ್ಯ ಹುಟ್ಟುತ್ತಾನೆ. ಆಗ ಕುಮಟಾದಲ್ಲಿ ಮಧ್ಯಾಹ್ನ ಒಂದು ಗಂಟೆ. ಬಂಡೆಯ ಮೇಲೆ ಕೂತು ಅಮ್ಮನಿಗೆ ವಿಡಿಯೊ ಕಾಲ್ ಮಾಡಿದ್ದೆ. ಅವರು ಊಟಕ್ಕೆ ಕೂತಿದ್ದರು, ನನ್ನ ಹಿಂದೆ ಸೂರ್ಯ ಏಳುತ್ತಿದ್ದ.

ಸಂಜೆಗೆ ಪಫಿನ್ ಹಕ್ಕಿಯೋ, ಹಿಮಗಡ್ಡೆಯೋ? ಇಲ್ಲಿ ಎಲ್ಲರಿಗೂ ಬರುವ ಗೊಂದಲ ಇದೇ.

ಪಫಿನ್ ನಂಬಬಹುದಾದ ಹಕ್ಕಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಗೂಡು ಕಟ್ಟಲು ಬಂದೇ ಬರುತ್ತದೆ. ಪೇಟೆಯಿಂದ ಅರ್ಧ ಗಂಟೆ ದೂರದ ಬೇ ಬುಲ್ಸ್‌ನಿಂದ ದೋಣಿ ಹೊರಡುತ್ತದೆ. ವಿಟ್ಲೆಸ್ ಬೇ ಅಭಯಾರಣ್ಯದ ನಾಲ್ಕು ದ್ವೀಪಗಳಲ್ಲಿ ಎರಡೂವರೆ ಲಕ್ಷ ಜೋಡಿಗೂ ಜಾಸ್ತಿ ಪಫಿನ್‌ಗಳಿವೆ, ಉತ್ತರ ಅಮೆರಿಕದಲ್ಲೇ ದೊಡ್ಡ ನೆಲೆ. ದೋಣಿ ಹತ್ತಿರ ಹೋದಂತೆ ಮೊದಲು ಬರುವುದು ವಾಸನೆ, ಆಮೇಲೆ ಗದ್ದಲ, ಕೊನೆಗೆ ಹಕ್ಕಿ. ದಪ್ಪ ಮೈ, ಕಿತ್ತಳೆ ಕಾಲು, ಬಣ್ಣದ ಕೊಕ್ಕು. ಗಾಳಿಯಲ್ಲಿ ತೇಲಲು ಬರುವುದಿಲ್ಲ ಅನ್ನುವಂತೆ ರೆಕ್ಕೆ ಪಟಪಟ ಬಡಿಯುತ್ತದೆ. ಕೊಕ್ಕಿನ ಎರಡೂ ಕಡೆ ಬೆಳ್ಳಿ ಮೀನು ಸಾಲಾಗಿ ಜೋತಾಡುತ್ತಿರುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮರಿಗಳು ಮೊದಲ ಸಲ ಹಾರುವಾಗ ಊರಿನ ದೀಪಕ್ಕೆ ದಾರಿ ತಪ್ಪಿ ರಸ್ತೆಗೆ ಬೀಳುತ್ತವೆ. ಅಲ್ಲಿನ ಜನ ರಾತ್ರಿ ಬಲೆ, ಟಾರ್ಚ್ ಹಿಡಿದು ಅವನ್ನು ಹುಡುಕಿ, ಬೆಳಿಗ್ಗೆ ಸಮುದ್ರಕ್ಕೆ ಬಿಡುತ್ತಾರೆ.

ಹಿಮಗಡ್ಡೆ ಹಾಗಲ್ಲ. ಗ್ರೀನ್‌ಲ್ಯಾಂಡ್‌ನ ಹಿಮನದಿಗಳಿಂದ ಕಳಚಿ, ಒಂದೆರಡು ವರ್ಷ ತೇಲಿ, ಲ್ಯಾಬ್ರಡಾರ್ ಅನ್ನುವ ತಣ್ಣನೆಯ ಸಾಗರ ಪ್ರವಾಹದ ಜೊತೆ ಇಲ್ಲಿಗೆ ಬರುತ್ತದೆ. ಏಪ್ರಿಲ್‌ನಿಂದ ಜೂನ್ ಅದರ ಕಾಲ. ಕೆಲವು ವರ್ಷ ಸಿಗ್ನಲ್ ಹಿಲ್ ಗುಡ್ಡದಿಂದಲೇ ಕಾಣುತ್ತದೆ, ಕೆಲವು ವರ್ಷ ಸುಳಿವೇ ಇರುವುದಿಲ್ಲ. ಟ್ವಿಲಿಂಗೇಟ್‌ಗೆ ಹೋದರೆ ಸಿಗುವ ಸಾಧ್ಯತೆ ಜಾಸ್ತಿ, ಆದರೆ ಅದಕ್ಕೆ ನಾಲ್ಕೈದು ಗಂಟೆ ಗಾಡಿ ಓಡಿಸಬೇಕು. ಹಿಮಗಡ್ಡೆಗಾಗಿ ಕೆಲಸದ ಪ್ರವಾಸವನ್ನು ಹೊಂದಿಸಲು ಹೋಗಬೇಡಿ. ಕಂಡರೆ ಮಾತ್ರ ಬೇರೆಲ್ಲ ಬಿಟ್ಟು ಅದನ್ನೇ ನೋಡಿ.

ನನಗೆ ಸಿಕ್ಕಿದ್ದು ಹಾಗೇ. ಒಂದು ಕಾರ್ಖಾನೆಯಲ್ಲಿ ಕಂಪ್ರೆಸರ್ ಬಿಚ್ಚಿ ಕೂತಿದ್ದೆ. ಅಲ್ಲಿನ ಹಿರಿಯ ಕೆಲಸಗಾರರೊಬ್ಬರು ಬಂದು, ಲೋಟದ ನೀರಿನಲ್ಲಿ ಒಂದು ತುಂಡು ಐಸ್ ಹಾಕಿ, ಕಿವಿ ಹತ್ತಿರ ಹಿಡಿ ಅಂದರು. ಚಿಟಿಚಿಟಿ ಅನ್ನುತ್ತಿತ್ತು. ಸಾವಿರಾರು ವರ್ಷದ ಹಿಂದೆ ಹಿಮ ಬಿದ್ದಾಗ ಸಿಕ್ಕಿಹಾಕಿಕೊಂಡ ಗಾಳಿ, ಒತ್ತಡದಿಂದ ಬಿಡಿಸಿಕೊಂಡು ಸಿಡಿಯುವ ಸದ್ದು ಅದು. ತದಡಿಯಲ್ಲಿ ನಾವು ಮಾಡುತ್ತಿದ್ದ ಐಸ್ ಬ್ಲಾಕ್‌ನ ನಡುವೆ ಒಂದು ಬಿಳಿ ಪಟ್ಟೆ ಇರುತ್ತಿತ್ತು. ಗಾಳಿ ಅಲ್ಲಿ ಸೇರಿರುತ್ತದೆ, ಹೊರಗಿನದ್ದೆಲ್ಲ ಗಾಜಿನಂತೆ. ಈ ತುಂಡು ಪೂರ್ತಿ ಬೆಳ್ಳಗಿತ್ತು. ಇಷ್ಟು ವರ್ಷ ಐಸ್ ಜೊತೆ ಬದುಕಿದ್ದೇನೆ, ಐಸಿನ ಮಾತು ಕೇಳಿದ್ದು ಅದೇ ಮೊದಲು. ಸಂಜೆ ಅವರೇ ಕೊಲ್ಲಿಯ ಬಾಯಿಗೆ ಕರೆದುಕೊಂಡು ಹೋಗಿ ತೋರಿಸಿದರು. ಅಂಚಿನಲ್ಲಿ ತಿಳಿನೀಲಿ ಗೆರೆ, ಬುಡದ ನೀರು ಹಸಿರು. ಕಾಣುವುದು ಹತ್ತರಲ್ಲಿ ಒಂದು ಪಾಲು ಅಷ್ಟೇ, ಉಳಿದದ್ದು ಕೆಳಗೆ. ಅದು ಯಾವಾಗ ಬೇಕಾದರೂ ಮಗುಚಬಹುದು, ಆದ್ದರಿಂದ ಸಣ್ಣ ದೋಣಿಯಲ್ಲಿ ಹತ್ತಿರ ಹೋಗಬೇಡಿ.

ಜೂನ್ ಕೊನೆಯಿಂದ ಜುಲೈವರೆಗೆ ಮಿಡ್ಲ್ ಕೋವ್ ದಡದಲ್ಲಿ ಕ್ಯಾಪೆಲಿನ್ ಅನ್ನುವ ಸಣ್ಣ ಮೀನು ಮೊಟ್ಟೆಯಿಡಲು ಅಲೆಯ ಜೊತೆ ಕಲ್ಲಿನ ಮೇಲೆ ಬಂದು ಬೀಳುತ್ತದೆ. ಜನ ಬಕೆಟ್ ತಂದು ತುಂಬಿಕೊಳ್ಳುತ್ತಾರೆ. ನಮ್ಮಲ್ಲಿ ತಾರ್ಲೆ ಮೀನು ಬಂದ ದಿನದ ಸಡಗರವೇ. ಅದರ ಹಿಂದೆಯೇ ಹಂಪ್‌ಬ್ಯಾಕ್ ತಿಮಿಂಗಿಲ ಬರುತ್ತದೆ, ಎಷ್ಟೋ ಸಲ ದಡದಿಂದಲೇ ಕಾಣುತ್ತದೆ. ದಿನ ಮೊದಲೇ ಹೇಳಲಾಗದು. ಕಾರ್ಖಾನೆಯಲ್ಲಿ ಕೇಳಿ, ಅಲ್ಲಿನವರಿಗೆ ಗೊತ್ತಿರುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಮಂಜು. ತಣ್ಣನೆಯ ಲ್ಯಾಬ್ರಡಾರ್ ನೀರಿನ ಮೇಲೆ ಗಲ್ಫ್ ಸ್ಟ್ರೀಮ್ ಅನ್ನುವ ಬಿಸಿ ಸಾಗರ ಪ್ರವಾಹದ ಕಡೆಯ ಬೆಚ್ಚನೆಯ ಗಾಳಿ ಬಂದರೆ ಮಂಜು ಕಟ್ಟುತ್ತದೆ. ಒಮ್ಮೆ ನನ್ನ ವಿಮಾನ ಸೇಂಟ್ ಜಾನ್ಸ್‌ನಲ್ಲಿ ಇಳಿಯಲಾಗದೆ ಗ್ಯಾಂಡರ್‌ಗೆ ಹೋಯಿತು, ಒಂದು ದಿನ ಪೂರ್ತಿ ಹೋಯಿತು. ಹಾಗಾಗಿ ಮುಖ್ಯವಾದ ಕೆಲಸವನ್ನು ಬಂದಿಳಿದ ದಿನವೇ ಇಟ್ಟುಕೊಳ್ಳಬೇಡಿ. ಇನ್ನೊಂದು, ಮೂಸ್. 1904ರಲ್ಲಿ ಹೊರಗಿನಿಂದ ತಂದು ಬಿಟ್ಟ ನಾಲ್ಕು ಮೂಸ್‌ಗಳು ಹೆಚ್ಚಿ ಈಗ ದ್ವೀಪದಲ್ಲಿ ಲಕ್ಷದ ಲೆಕ್ಕದಲ್ಲಿವೆ. ಕಡವೆಗಿಂತ ತುಂಬ ದೊಡ್ಡ ಪ್ರಾಣಿ, ಉದ್ದ ಕಾಲು. ಕಾರು ಗುದ್ದಿದರೆ ಕಾಲು ಮುರಿದು ಮೈ ನೇರ ಗಾಜಿನ ಮೇಲೆ ಬೀಳುತ್ತದೆ. ಕತ್ತಲಾದ ಮೇಲೆ ಹೆದ್ದಾರಿಗೆ ಇಳಿಯಲೇಬೇಡಿ. ಟ್ವಿಲಿಂಗೇಟ್‌ಗೆ ಹೋಗಿ ಒಂದೇ ದಿನದಲ್ಲಿ ವಾಪಸ್ ಬರುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನುವುದು ಇದೇ ಕಾರಣಕ್ಕೆ.

ವಾರಾಂತ್ಯ ಸೇರಿದ್ದರೆ ಮಾತ್ರ

ಕೇಪ್ ಬ್ರೆಟನ್‌ನ ಕ್ಯಾಬಟ್ ಟ್ರೇಲ್ 298 ಕಿ.ಮೀ. ಸುತ್ತು. ಹ್ಯಾಲಿಫ್ಯಾಕ್ಸ್‌ನಿಂದ ಅಲ್ಲಿ ಮುಟ್ಟಲೇ ನಾಲ್ಕು ಗಂಟೆ ಬೇಕು. ಒಂದು ಸಂಜೆಯಲ್ಲಿ ಆಗುವ ಕೆಲಸ ಅಲ್ಲವೇ ಅಲ್ಲ. ಅಕ್ಟೋಬರ್ ಎರಡನೇ ವಾರದ ಹತ್ತಿರ ಕೇಪ್ ಬ್ರೆಟನ್‌ನದೇ ಸಿಡ್ನಿ ಊರಿನಲ್ಲಿ ಕೆಲಸ ಬಿದ್ದು, ಮುಂದೆ ಶನಿವಾರ ಭಾನುವಾರ ಇದ್ದರೆ ಎರಡು ಸಲ ಯೋಚಿಸಬೇಡಿ. ಮೇಪಲ್ ಮರಗಳು ಕೆಂಪು, ಕಿತ್ತಳೆ, ಹಳದಿಯಾಗಿ ಗುಡ್ಡ ಇಳಿದು ನೇರ ಸಮುದ್ರಕ್ಕೆ ಸೇರಿದಂತೆ ಕಾಣುತ್ತವೆ. ಒಂದು ಬಿರುಗಾಳಿ ಬಂದರೆ ಎಲೆಗಳೆಲ್ಲ ಒಂದೇ ರಾತ್ರಿಗೆ ಉದುರಬಹುದು.

ಪ್ರಿನ್ಸ್ ಎಡ್ವರ್ಡ್ ದ್ವೀಪ ಮಾಂಕ್ಟನ್‌ನಿಂದ ಹತ್ತಿರವೇ. 1997ರಲ್ಲಿ ಕಟ್ಟಿದ 12.9 ಕಿ.ಮೀ. ಸೇತುವೆ ದಾಟಿದರೆ ಆಯಿತು. ಆದರೆ ಸೇತುವೆಯ ಪಕ್ಕದ ಗೋಡೆ ಎತ್ತರ, ಕಾರಿನಲ್ಲಿ ಕೂತರೆ ನೀರು ಕಾಣುವುದೇ ಕಷ್ಟ. ಕಬ್ಬಿಣದ ಅಂಶದಿಂದ ಕೆಂಪಾದ ಮಣ್ಣು, ಅದರ ಮೇಲೆ ಆಲೂಗಡ್ಡೆ ಹೊಲ. ನೆಮ್ಮದಿಯ ಜಾಗ, ಮನೆಯವರನ್ನು ಕರೆದುಕೊಂಡು ಹೋಗಲು ಇಟ್ಟುಕೊಳ್ಳಿ. ಕೆಲಸದ ನಡುವೆ ಓಡಿ ಹೋಗಿ ಬರುವುದಕ್ಕಾದರೆ ಹೋಪ್‌ವೆಲ್ಲೇ ವಾಸಿ.

ಚಳಿಗಾಲದಲ್ಲಿ ಕಳಿಸಿದರೆ

ಜನವರಿ, ಫೆಬ್ರವರಿಯಲ್ಲಿ ಪಫಿನ್ ಇಲ್ಲ, ಹೋಪ್‌ವೆಲ್‌ನಲ್ಲಿ ಸಿಬ್ಬಂದಿ ಇಲ್ಲ, ಸಂಜೆ ಬೇಗನೆ ಕತ್ತಲು. ಆಗ ಊರು ಆರಿಸಿಕೊಳ್ಳುವ ಅವಕಾಶವಿದ್ದರೆ ಹ್ಯಾಲಿಫ್ಯಾಕ್ಸ್ ತೆಗೆದುಕೊಳ್ಳಿ. ಅಲ್ಲಿನ ಬಂದರು ಹೆಪ್ಪುಗಟ್ಟುವುದಿಲ್ಲ. ಮೈ ಕೊರೆಯುವ ಚಳಿಯ ಬೆಳಿಗ್ಗೆ, ಗಾಳಿಗಿಂತ ಸಮುದ್ರವೇ ಬೆಚ್ಚಗಿರುವಾಗ, ನೀರಿನಿಂದ ಹಬೆ ಏಳುತ್ತದೆ. ಅನ್ನ ಬಸಿದಾಗ ಏಳುವ ಹಬೆಯ ಹಾಗೆ, ಇಡೀ ಬಂದರಿನ ತುಂಬ.

ಅದನ್ನು ನೋಡಲು ಗಾಡಿ ಬೇಡ. ಡಾರ್ಟ್‌ಮತ್‌ಗೆ ಹೋಗುವ ದೋಣಿ ಹತ್ತಿದರೆ ಸಾಕು. 1752ರಿಂದ ಈ ದಾರಿಯಲ್ಲಿ ದೋಣಿ ನಡೆಯುತ್ತಿದೆ. ಬಸ್ಸಿನಷ್ಟೇ ಟಿಕೆಟ್, ಕಾಲು ಗಂಟೆಯೊಳಗೆ ಆಚೆ ದಡ. ಕಳೆದ ಸಲ ಬೆಳಿಗ್ಗೆ ಏಳೂವರೆಗೆ ಹತ್ತಿದ್ದೆ. ಕೆಲಸಕ್ಕೆ ಹೋಗುವವರೆಲ್ಲ ಒಳಗೆ ಬೆಚ್ಚಗೆ ಕೂತಿದ್ದರು. ನಾನು ಮಾತ್ರ ಹೊರಗಿನ ಕಟಕಟೆ ಹಿಡಿದು ನಿಂತೆ. ಹಬೆ ಸೊಂಟದವರೆಗೆ ಬಂತು, ನೀರು ಕಾಣಲಿಲ್ಲ. ಮುಂದೆ ಒಂದು ದೊಡ್ಡ ಹಡಗಿನ ಮೇಲ್ಭಾಗ ಮಾತ್ರ ತೇಲುತ್ತಿತ್ತು, ಕೆಳಗೆ ಏನೂ ಇಲ್ಲದ ಹಾಗೆ. ಸೂರ್ಯ ಆಗ ತಾನೇ ಎದ್ದು ಹಬೆಯೆಲ್ಲ ಕೇಸರಿಯಾಯಿತು. ಆಚೆ ದಡ ಬಂದಾಗ ನಾನು ಇಳಿಯಲಿಲ್ಲ. ಅದೇ ದೋಣಿಯಲ್ಲಿ ವಾಪಸ್ ಬಂದೆ, ಎಂಟೂವರೆಗೆ ಕಾರ್ಖಾನೆಯ ಬಾಗಿಲಲ್ಲಿದ್ದೆ.